ಮ್ಯೂಸಿಯಂ ಮನೆಗೆ ಕರೆದೊಯ್ದ ಆಂಟಿ

ಬಾಗಿಲು ದಾಟುತ್ತಿದ್ದಂತೆ ಅಗಸೆ ಎಣ್ಣೆಯ ವಾಸನೆ ಬಂತು. ಮೆಟ್ಟಿಲಿನ ಮರದ ರೇಲಿಂಗ್‌ಗೆ ಯಾರೋ ಆಗಷ್ಟೇ ಎಣ್ಣೆ ಹಚ್ಚಿ ಒರೆಸಿದ್ದರು. ಕಳೆದ ಶನಿವಾರ ಮಗಳ ಶಾಲೆಯ ಪ್ರಾಜೆಕ್ಟ್‌ಗಾಗಿ ಅವಳನ್ನು ಕರೆದುಕೊಂಡು ಆ ವಿಕ್ಟೋರಿಯನ್ ಮನೆಗೆ ಹೋಗಿದ್ದೆ. ಹಿಂದೆಂದೋ ಒಬ್ಬ ಡಾಕ್ಟರು ಕಟ್ಟಿಸಿದ್ದ ಮನೆ; ಪಾಳುಬಿದ್ದಿದ್ದನ್ನು ಆ ಪುಟ್ಟ ಊರಿನವರೇ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಆ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಕೆಳಗಿನ ಮನೆಯ ಆಂಟಿ ನೆನಪಾದರು.

ಮದುವೆಯಾಗಿ ಮೈಸೂರಿನಿಂದ ಅಮೆರಿಕದ ಪ್ಲೇನ್ಸ್‌ಬರೋಗೆ ಬಂದ ಮೊದಲ ವರ್ಷವದು. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿಲ್ಲ. ಗಂಡ ಬೆಳಿಗ್ಗೆ ಟ್ರೈನ್ ಹಿಡಿದರೆ ಬರುತ್ತಿದ್ದದ್ದು ಸಂಜೆಯೇ. ಅಲ್ಲಿಯವರೆಗೆ ಒಂದು ಮಾತೂ ಆಡದೆ ಕಳೆದ ದಿನಗಳೆಷ್ಟೋ. ವಾಪಸ್ ಬಂದುಬಿಡುತ್ತೇನೆಂದು ಅಮ್ಮನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಕೆಳಗಿನ ಮನೆಯಲ್ಲಿದ್ದ ಧಾರವಾಡದ ಆಂಟಿ ಒಂದು ದಿನ ಅಪಾರ್ಟ್‌ಮೆಂಟಿನವರೆಲ್ಲ ಬಟ್ಟೆ ಒಗೆಯುವ ಲಾಂಡ್ರಿ ರೂಮಿನಲ್ಲಿ ನನ್ನ ಮುಖ ನೋಡಿದರು.

"ನಾಳೆ ಹತ್ತಕ್ಕ ತಯಾರಾಗು. ನನ್ನ ಜೋಡಿ ಬಾ," ಎಂದರಷ್ಟೆ.

ಅವರು ಆ ಮ್ಯೂಸಿಯಂ ಮನೆಯಲ್ಲಿ ವಾಲಂಟಿಯರ್ ಆಗಿದ್ದರು. ಮೊದಲ ದಿನ ನನ್ನ ಕೈಗೆ ಎಣ್ಣೆಯ ಡಬ್ಬಿ, ಹಳೆಯ ಬಟ್ಟೆ ಕೊಟ್ಟು ರೇಲಿಂಗ್ ಒರೆಸಲು ಹಚ್ಚಿದರು. ನಾನು ಒರೆಸುತ್ತಾ, ಅವರು ಬಂದವರಿಗೆ ಮನೆ ತೋರಿಸುವುದನ್ನು ಕೇಳುತ್ತಿದ್ದೆ. ಅವರ ಇಂಗ್ಲಿಷಿನಲ್ಲೂ ಧಾರವಾಡವಿತ್ತು. ಅದಕ್ಕೆ ಅವರು ಸಂಕೋಚಪಟ್ಟದ್ದನ್ನು ನಾನು ನೋಡಲೇ ಇಲ್ಲ. ಕೆಲವೇ ವಾರಗಳಲ್ಲಿ ಅವರು ಹೇಳುವುದೆಲ್ಲ ನನಗೆ ಬಾಯಿಪಾಠವಾಗಿತ್ತು.

ಒಂದು ಮಧ್ಯಾಹ್ನ ಬಂದವರಲ್ಲಿ ಒಬ್ಬ ಅಜ್ಜಿಗೆ ಕೊನೆಯ ಮಹಡಿ ಹತ್ತಲಾಗಲಿಲ್ಲ. ಆಂಟಿ ಆಕೆಯ ಪಕ್ಕ ಕುಳಿತುಬಿಟ್ಟರು. "ನಾ ಇವರ ಜೋಡಿ ಇಲ್ಲೇ ಇರ್ತೀನಿ. ಉಳದವರನ್ನ ನೀ ಮ್ಯಾಲೆ ಕರಕೊಂಡು ಹೋಗು."

"ನನ್ನ ಕೈಲಾಗಲ್ಲ ಆಂಟಿ."

"ಆಗ್ತದ. ಹೋಗು."

ಮೇಲೆ ಇದ್ದದ್ದು ಮನೆಗೆಲಸದ ಹುಡುಗಿಯ ಕೋಣೆ. ಒಂದು ಕಬ್ಬಿಣದ ಮಂಚ, ಒಂದು ಸಣ್ಣ ಕಿಟಕಿ. ಆರು ಜನ ನನ್ನತ್ತ ನೋಡುತ್ತಿದ್ದರು. ಕಲಿತದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ. ಕೊನೆಗೆ ಕಿಟಕಿಯನ್ನೇ ತೋರಿಸಿದೆ. ಐರ್ಲೆಂಡಿನಿಂದ ಹಡಗಿನಲ್ಲಿ ಬಂದ ಆ ಹುಡುಗಿಗೆ ಇಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ, ಪಕ್ಕದ ಮನೆಯ ಚಿಮಣಿ ಮಾತ್ರ ಕಾಣುತ್ತಿತ್ತು ಎಂದೆ. ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುವುದು ಪಾರ್ಕಿಂಗ್ ಲಾಟ್ ಮಾತ್ರ ಎಂದೂ ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಒಬ್ಬ ಹೆಂಗಸು ಹತ್ತಿರ ಬಂದು, ತನ್ನ ಮುತ್ತಜ್ಜಿಯೂ ಇಂಥದೇ ಕೋಣೆಯಲ್ಲಿದ್ದಳು ಎಂದು ನನ್ನ ಕೈ ಹಿಡಿದುಕೊಂಡಳು.

ವಾಪಸ್ ಬರುವಾಗ ಕಾರಿನಲ್ಲಿ ಎಲ್ಲ ಹೇಳಿದೆ. "ಇಷ್ಟು ವರ್ಷ ಆ ಖೋಲಿ ತೋರಿಸೀನಿ. ಕಿಡಕಿಯಿಂದ ಏನ ಕಾಣ್ತದ ಅಂತ ಒಮ್ಮೆನೂ ನೋಡಿಲ್ಲ ನೋಡು," ಎಂದರು ಆಂಟಿ. ಮೈಸೂರಿಗೆ ಮರಳುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ವರ್ಕ್ ಪರ್ಮಿಟ್ ಬಂದ ಮೇಲೆ ಟೀಚರ್ ಆದೆ. ಈಗ ದಿನವೂ ಮಕ್ಕಳೆದುರು ನಿಂತು ಮಾತಾಡುತ್ತೇನೆ.

ಆಂಟಿ, ಅಂಕಲ್ ಹತ್ತಿರದ ಮನ್ರೋದಲ್ಲಿ ಮನೆ ಕೊಂಡು ಹೋದರು. ಮೊದಮೊದಲು ವಾರಕ್ಕೊಂದು ಫೋನ್, ಆಮೇಲೆ ಹಬ್ಬಕ್ಕೊಂದು ಮೆಸೇಜ್... ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅಂಕಲ್‌ಗೆ ಫೋನ್ ಮಾಡಲೂ ಮುಖವಿರಲಿಲ್ಲ.

ಶನಿವಾರ ಮ್ಯೂಸಿಯಂನಿಂದ ಹೊರಟವಳು ಮನೆಗೆ ಹೋಗಲಿಲ್ಲ, ಮನ್ರೋಗೆ ಹೋದೆ. ಬಾಗಿಲು ತೆರೆದ ಅಂಕಲ್ ಗುರುತು ಹಿಡಿದು, ಒಳಗೆ ಕರೆದು, ತಾವೇ ಚಹಾ ಮಾಡಿ ತಂದರು. ನಾನಿಲ್ಲಿ ಉಳಿದದ್ದೇ ಆಂಟಿಯಿಂದ ಎಂದೆ. ಅವರು ಕಪ್ಪನ್ನು ಕೆಳಗಿಟ್ಟರು.

"ಆಕಿ ಇದ್ದಾಗ ಹೇಳಬೇಕಿತ್ತವ್ವಾ ಇದನ್ನ."

ಮಗಳು ನನ್ನ ಪಕ್ಕಕ್ಕೆ ಸರಿದು ಕುಳಿತಳು. ಅಂಕಲ್ ಎದ್ದು ಟೀವಿ ಆರಿಸಿ ಬಂದರು.

"ಇರಲಿ. ನನ್ನ ಮುಂದ ಹೇಳು, ಎಲ್ಲಾ ಹೇಳು," ಎಂದರು. ನಾನು ಲಾಂಡ್ರಿ ರೂಮಿನಿಂದ ಶುರು ಮಾಡಿದೆ.