ಊರಿಗೆ ಹೋಗುವವಳ ಕಪಾಟು

ಸಂಕ್ರಾಂತಿಯ ಊಟಕ್ಕೆ ಸೇರಿದ್ದಾಗ ಜಯದೇವಿ ಒಂದು ತಪ್ಪು ಮಾಡಿದಳು. ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಮದುವೆ, ಊರಿಗೆ ಹೋಗುತ್ತಿದ್ದೇನೆ ಎಂದು ಎಲ್ಲರೆದುರು ಹೇಳಿಬಿಟ್ಟಳು. ಅದು 2006ನೆಯ ಇಸವಿ. ಹುಡುಗ ಯಾರು, ಏನು ಮಾಡುತ್ತಾನೆ ಎಂದು ಅಮೆರಿಕದ ರಾಂಚೊ ಬರ್ನಾರ್ಡೊದ ಕನ್ನಡ ಮಂದಿ ಕೇಳಿದ್ದು ಆಮೇಲೆ. ಮೊದಲು ಕೇಳಿದ್ದು, "ನಿನ್ನ ಬ್ಯಾಗಿನ್ಯಾಗ ಜಾಗಾ ಇರತೈತೇನು?"

ಮರುವಾರದಿಂದಲೇ ಮಾಲು ಬರತೊಡಗಿತು. ಒಬ್ಬರ ಅಪ್ಪನಿಗೆ ಸಕ್ಕರೆ ಕಾಯಿಲೆ ನೋಡುವ ಮಷಿನ್, ಇನ್ನೊಬ್ಬರ ಅತ್ತೆಗೆ ವಿಟಮಿನ್ ಗುಳಿಗೆ, ಮತ್ತೊಬ್ಬರ ತಮ್ಮನಿಗೆ ದೋಣಿಯಂಥ ಬೂಟು, ಬಾದಾಮಿ, ಅಕ್ರೋಟು, ಹಳೆಯದೊಂದು ಲ್ಯಾಪ್‌ಟಾಪ್. ಮಗನ ಮನೆಯಲ್ಲಿದ್ದ ಪ್ರೇಮವ್ವಜ್ಜಿ ನವಲಗುಂದದ ತನ್ನ ತಂಗಿಗೆಂದು ಮೊಣಕಾಲಿಗೆ ಕಟ್ಟುವ ಪಟ್ಟಿ ತಂದಿಟ್ಟಳು. "ಭಾರ ಇಲ್ಲ ನಮ್ಮವ್ವಾ, ಗಾಳಿ ಇದ್ದಂಗ ಐತಿ," ಅಂದಳು. ಗಾಳಿಯಂಥ ವಸ್ತುಗಳೇ ಸೇರಿ ಜಯದೇವಿಯ ಕಪಾಟಿನ ಬಾಗಿಲು ಮುಚ್ಚದಂತಾಯಿತು. ಮದುವೆಗೆ ತೆಗೆದಿಟ್ಟ ಬಟ್ಟೆ ಕುರ್ಚಿಯ ಮೇಲೆ ಬಂತು.

ಬ್ಯಾಡಗಿಯಲ್ಲಿ ಅವಳ ಅಪ್ಪನದು ಮೆಣಸಿನಕಾಯಿಯ ಅಡತಿ ಅಂಗಡಿ, ರೈತರ ಮಾಲು ಇಟ್ಟುಕೊಂಡು ಮಾರಿಕೊಡುವ ವ್ಯಾಪಾರ. ಮಂದಿ ತಂದಿಟ್ಟ ಚೀಲಗಳ ನಡುವೆಯೇ ಆಡಿ ಬೆಳೆದವಳು. ಅದಕ್ಕೇ ಏನೋ, ಮಾಲು ಹೊತ್ತು ಬಂದವರಿಗೆ ಇಲ್ಲ ಅನ್ನಲು ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಅಪ್ಪನಿಗಾದರೂ ಕಮಿಷನ್ ಸಿಗುತ್ತಿತ್ತು. ಇವಳಿಗೆ ಸಿಕ್ಕಿದ್ದು ಬರೀ ಆಶೀರ್ವಾದ.

ಇಷ್ಟೆಲ್ಲ ಕೂಡಿಹಾಕಿಕೊಂಡ ಮೇಲೆ ಹೋಗುವುದೊಂದು ಬಾಕಿ ಇತ್ತು. ಅದೇ ಆಗುತ್ತಿರಲಿಲ್ಲ.

ಟೆಲಿಕಾಂ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಕೆಲಸದ ಕಾಗದವೆಲ್ಲ ಸರಿಯಾಗಿತ್ತು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ವೀಸಾದ ಅವಧಿ ಮಾತ್ರ ಮುಗಿದಿತ್ತು. ಅಮೆರಿಕದ ಒಳಗೆ ಇರುವಷ್ಟು ದಿನ ಅದನ್ನು ಯಾರೂ ಕೇಳುವುದಿಲ್ಲ. ಒಮ್ಮೆ ಹೊರಗೆ ಕಾಲಿಟ್ಟರೆ, ಚೆನ್ನೈಗೆ ಹೋಗಿ ವೀಸಾ ಕಚೇರಿಯ ಕಿಟಕಿಯ ಮುಂದೆ ನಿಂತು ಹೊಸದನ್ನು ಹಾಕಿಸಿಕೊಳ್ಳದೆ ಮರಳಿ ಬರುವಂತಿಲ್ಲ. ಆ ಕಿಟಕಿಯ ಮುಂದೆ ನಿಲ್ಲಲು ಮುಂಚಿತವಾಗಿ ಇಂಟರ್‌ನೆಟ್ಟಿನಲ್ಲಿ ಒಂದು ದಿನ ಹಿಡಿಯಬೇಕು. ದಿನಗಳೇ ಇರಲಿಲ್ಲ. ಸದ್ಯಕ್ಕೆ ಯಾವ ದಿನವೂ ಖಾಲಿ ಇಲ್ಲ, ಮತ್ತೆ ಪ್ರಯತ್ನಿಸಿ ಎಂದು ಪುಟ ಹೇಳುತ್ತಿತ್ತು. ಅಷ್ಟು ವಿನಯದಿಂದ ಬಾಗಿಲು ಮುಚ್ಚುವವರನ್ನು ಬೈಯುವುದಾದರೂ ಹೇಗೆ? ಗಡಿಯಾಚೆ ಮೆಕ್ಸಿಕೊದಲ್ಲಿ, ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಟಿಹುವಾನಾದ ಕಚೇರಿಯಲ್ಲೂ ಅದೇ ಕಥೆ.

ದಿನ ಹಿಡಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಆಫೀಸಿನಲ್ಲೇ ಪುರಾವೆ ಇತ್ತು. ಅರವಿಂದ ಎಂಬವನು ಅಣ್ಣನ ಮದುವೆಗೆಂದು ಧೈರ್ಯ ಮಾಡಿ ಹೋಗಿ ಅಲ್ಲೇ ಸಿಕ್ಕಿಬಿದ್ದ. ಅವನ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತು ಸೇಬು ಕಡಿಯುತ್ತಿದ್ದರು.

ಹುಡುಗ ಇಂದುಧರ ಕುಂದಗೋಳದ ಸರ್ಕಾರಿ ದನದ ದವಾಖಾನೆಯ ಡಾಕ್ಟರು. ಹಿಂದಿನ ದಸರೆಗೆ ಊರಿಗೆ ಹೋಗಿದ್ದಾಗ ನಿಶ್ಚಯವಾಗಿತ್ತು. ವೀಸಾಕ್ಕೆ ಆಗ ಇನ್ನೂ ಜೀವವಿತ್ತು. ಮದುವೆಯಾದ ಮೇಲೆ ಆತ ಸಂಬಳವಿಲ್ಲದ ರಜೆ ಹಾಕಿ ಇಲ್ಲಿಗೆ ಬರುವುದು, ಇಬ್ಬರೂ ಕೆಲವು ವರ್ಷ ಇದ್ದು ಹಿಂತಿರುಗುವುದು ಎಂದು ಮಾತಾಗಿತ್ತು. ಆ ಲೆಕ್ಕವೆಲ್ಲ ನಿಂತಿದ್ದು ಜಯದೇವಿಯ ಕೆಲಸದ ಮೇಲೆ.

ಮೊದಮೊದಲು ಮುಂಜಾನೆ ಆಫೀಸಿಗೆ ಹೊರಡುವ ಮುಂಚೆ ಅವಳು ಫೋನ್ ಮಾಡಿದರೆ, ಆತ ಅಂದು ಯಾವ ಎಮ್ಮೆ ಒದ್ದಿತು, ಯಾವ ಗೌಡರು ನಾಯಿಗೆ ಗುಳಿಗೆ ತಿನ್ನಿಸಲು ಹೋಗಿ ಬೆರಳು ಕಚ್ಚಿಸಿಕೊಂಡರು ಎಂದೆಲ್ಲ ಹೇಳಿ ನಗಿಸುತ್ತಿದ್ದ. ಮೇ ತಿಂಗಳು ಬಂತು, ಹೋಯಿತು. ಹಿಡಿದಿದ್ದ ಮದುವೆಯ ಹಾಲ್ ಬಿಟ್ಟುಕೊಡಬೇಕಾಯಿತು. ದೀಪಾವಳಿಯ ನಂತರ ನೋಡೋಣ ಎಂದರು ಹಿರಿಯರು. ಬರಬರುತ್ತ ಫೋನಿನಲ್ಲಿ ಎಮ್ಮೆಯೂ ಇಲ್ಲ, ಗೌಡರೂ ಇಲ್ಲ.

"ತೆರದೈತೇನು?"

"ಇಲ್ರೀ."

"ನಿನ್ನೆ ನೋಡಿದ್ಯೇನು?"

"ನಿನ್ನೆ ನೋಡಿದೆ, ಇವತ್ತ ನೋಡಿದೆ, ಈಗ ನಿಮ್ಮ ಜೋಡಿ ಮಾತಾಡ್ಕೋತ ನೋಡಾಕತ್ತೀನಿ. ಇನ್ನ ಅದಕ್ಕ ಆರತಿ ಎತ್ತೂದೊಂದು ಉಳದೈತಿ."

"ನನ್ನ ಮ್ಯಾಲ್ಯಾಕ ಸಿಟ್ಟು?"

"ನೀವೊಬ್ಬರ ಸಿಕ್ಕೀರಲ್ಲ, ಅದಕ್ಕ."

ನಿಶ್ಚಯವಾದ ಗಂಡು ಹೆಣ್ಣು ಮಾತಾಡುವ ಹಾಗಿರಲಿಲ್ಲ ಅದು. ಕೆಟ್ಟುನಿಂತ ಲಾರಿಯ ಪಕ್ಕದಲ್ಲಿ ಮೆಕ್ಯಾನಿಕ್ಕಿಗೆ ಕಾಯುತ್ತಿರುವ ಇಬ್ಬರ ಮಾತಿನಂತಿತ್ತು.

ಇಂಥ ಹೊತ್ತಿನಲ್ಲಿ ಸಹಾಯಕ್ಕೆ ನಿಂತವರು ಹಾಲಪ್ಪ ಕಾಕಾ. ಲಾಸ್ ಏಂಜಲಿಸ್ ಕಡೆಗೆ, ವೆಸ್ಟ್ ಕೊವಿನಾದಲ್ಲಿ ಅವರದು ಕಿರಾಣಿ ಅಂಗಡಿ. ಜೋಳದ ಹಿಟ್ಟು, ಹುರಿಗಡಲೆ, ಬೆಂಡೆಕಾಯಿಯ ಜೊತೆಗೆ ಬಂದ ಗಿರಾಕಿಗೆಲ್ಲ ವೀಸಾದ ಸಲಹೆಯನ್ನೂ ಕಟ್ಟಿಕೊಡುವರು. ಜೋಳದ ಹಿಟ್ಟು ಮಾತ್ರ ಕಲಬೆರಕೆ ಇಲ್ಲದ್ದು. ಹೊಸ ದಿನಗಳನ್ನು ಬುಧವಾರವೇ ತೆಗೆಯುತ್ತಾರೆ ಎಂಬುದು ಅವರ ಸಿದ್ಧಾಂತ. "ನೀ ಆಫೀಸಿನಾಗ ಇರ್ತೀ. ನಾ ಗಲ್ಲೆದ ಮ್ಯಾಲೆ ಕಂಪ್ಯೂಟರ್ ಇಟ್ಕೊಂಡ ಕುಂತಿರ್ತೀನಿ. ಪಾಸ್‌ವರ್ಡ್ ಕೊಡು, ತೆರದ ಕೂಡ್ಲೆ ಹಿಡೀತೀನಿ," ಎಂದರು. ಜಯದೇವಿ ಕೊಟ್ಟಳು. ಅಡತಿಯವನ ಮಗಳಾಗಿ ಕೀಲಿಕೈ ಕೈಬಿಡಬಾರದಿತ್ತು. ಆದರೆ ದಣಿದವರು ಯಾರಿಗೆ ಏನು ಕೊಡುತ್ತೇವೆಂದು ನೋಡುವುದಿಲ್ಲ.

ಜುಲೈಯಲ್ಲಿ ಒಂದು ದಿನ ಕಾಕಾ ಫೋನ್ ಮಾಡಿದರು. ದಿನ ಸಿಕ್ಕಿತ್ತು, ಬಂದಾಗ ಎಲ್ಲಾ ಹೇಳುತ್ತೇನೆ ಎಂದು ಇಟ್ಟುಬಿಟ್ಟರು. 'ಸಿಕ್ಕಿತ್ತು' ಅಂದದ್ದು ಜಯದೇವಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಪುಟ ತೆಗೆದು ನೋಡಿದಳು. ಅವಳ ಹೆಸರಿನ ಮುಂದೆ ಯಾವ ದಿನವೂ ಇರಲಿಲ್ಲ. ಶನಿವಾರ ಐ-15 ಹೆದ್ದಾರಿ ಹಿಡಿದು ನೇರ ಅಂಗಡಿಗೆ ಹೋಗಿ ನಿಂತಳು.

"ಕಾಕಾ, ದಿನಾ ಎಲ್ಲೈತ್ರಿ?"

"ಈ ಕೈಯಾಗ ಇತ್ತವ್ವಾ. ಸೆಪ್ಟೆಂಬರ್ ಹನ್ನೆರಡು."

"ಮತ್ತ?"

"ಬಿಟ್ಟೆ."

"ಬಿಟ್ಟೆ ಅಂದ್ರ?"

ಹಾಲಪ್ಪ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು ತೋರಿಸಿದರು. "ಪಕ್ಷ ಐತಿ ನೋಡು. ಹಿರೇರಿಗೆ ಎಡಿ ಇಡೂ ದಿವಸ. ಪಕ್ಷದಾಗ ಮಂದಿ ಒಂದು ಕಸಬರಿಗಿ ಕೊಳ್ಳೂದಿಲ್ಲ. ನೀ ಮದುವಿ ಕೆಲಸಕ್ಕ ಹೊಂಟಾಕಿ."

"ವೀಸಾ ಕಚೇರಿಯವ್ರು ಪಂಚಾಂಗ ನೋಡ್ತಾರೇನ್ರಿ?"

"ಅವ್ರು ನೋಡೂದಿಲ್ಲ. ಅದಕ್ಕ ನಾವು ನೋಡಬೇಕು. ದಸರಾ ಆದಮ್ಯಾಲಿಂದು ಛಲೋ ದಿನಾ ಹಿಡದ್ರಾತು ಅಂತ ಇದನ್ನ ಕ್ಯಾನ್ಸಲ್ ಮಾಡಿ ಹೊಳ್ಳಿ ನೋಡ್ತೀನಿ, ಎಲ್ಲಾ ಬಂದ್!"

ಪಕ್ಕದಲ್ಲಿ ಒಬ್ಬ ಹೆಂಗಸು ಬೆಂಡೆಕಾಯಿಯ ತುದಿ ಮುರಿದು ಮುರಿದು ನೋಡಿ ಆರಿಸುತ್ತಿದ್ದಳು. ಜಯದೇವಿ ಅತ್ತ ಬೆರಳು ಮಾಡಿದಳು.

"ಕೈಯಾಗಿಂದು ವಾಪಸ್ ಇಟ್ಟು ಇನ್ನೂ ಛಲೋದು ಹುಡುಕಾಕ ಹೋದ್ರ ಏನಾಕ್ಕೈತಿ ಕಾಕಾ?"

"ಇನ್ನೊಬ್ಬಾಕಿ ಒಯ್ತಾಳ."

"ಹಾಂ. ಒಯ್ದಾಳ."

ಹಿರಿಯರನ್ನು ಬೈಯುವುದಕ್ಕೆ ನಮ್ಮಲ್ಲಿ ಮಾತುಗಳಿಲ್ಲ. ಇರುವ ಮಾತುಗಳನ್ನೆಲ್ಲ ಬಹುವಚನಕ್ಕೆ ತಿರುಗಿಸಿದರೆ ಅವುಗಳ ಹಲ್ಲೇ ಉದುರುತ್ತದೆ. "ನೀವು ಭಾಳ ಕೆಟ್ಟ ಕೆಲಸ ಮಾಡಿದ್ರಿ" ಎಂದಷ್ಟೇ ಹೇಳಲು ಅವಳಿಗಾಯಿತು. ಕಾಕಾ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ಹೊರಡುವಾಗ ಚೀಲದ ತುಂಬ ಎಳೆ ಬದನೆಕಾಯಿ ಕೈಗಿತ್ತರು. ಚೆನ್ನೈಯ ಬದಲು ಬದನೆಕಾಯಿ ಪಕ್ಕದ ಸೀಟಿನಲ್ಲಿಟ್ಟುಕೊಂಡು ಜಯದೇವಿ ದಾರಿಯುದ್ದಕ್ಕೂ ಗಟ್ಟಿಯಾಗಿ, ಏಕವಚನದಲ್ಲೇ, ಮನಸಾರೆ ಬೈದಳು. ಮನೆಗೆ ಬಂದು ಪಾಸ್‌ವರ್ಡ್ ಬದಲಿಸಿದಳು.

ಆಗಸ್ಟಿನಲ್ಲಿ ತರುಣ ಎಂಬ ಹುಡುಗ ಊರಿಗೆ ಹೊರಟ. ಅವನಿಗೆ ಗ್ರೀನ್ ಕಾರ್ಡ್ ಇತ್ತು. ಯಾವ ಕಿಟಕಿಯ ಮುಂದೆಯೂ ನಿಲ್ಲಬೇಕಾಗಿರಲಿಲ್ಲ. ಸುದ್ದಿ ಹಬ್ಬಿದ್ದೇ ತಡ, ಜಯದೇವಿಯ ಬಾಗಿಲ ಬೆಲ್ಲು ಬಡಿದುಕೊಳ್ಳತೊಡಗಿತು.

"ನಿಂಗೆ ಭಾರ ಆಗ್ಬಾರ್ದು ಅಂತ ಜಯಾ, ಆ ಶುಗರ್ ಮಷಿನ್ ತರುಣನ ಹತ್ರ ಕೊಡ್ತೀನಿ, ಬೇಜಾರಿಲ್ಲ ತಾನೆ?" ಎಂದರು ಬೆಂಗಳೂರಿನ ಮಂಜುಶ್ರೀ ಆಂಟಿ. ಬೂಟಿನವರು ಬಂದರು. ಗುಳಿಗೆಯವರು ಬಂದರು. ಬಾದಾಮಿಯವರು ಪೊಟ್ಟಣ ಕೈಯಲ್ಲಿ ತೂಗಿ ನೋಡಿಯೇ ಒಯ್ದರು. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ಅವಳ ಭಾರ ಇಳಿಸಲೆಂದೇ ಬಂದವರು.

ಜಯದೇವಿಗೆ ಇದು ಗೊತ್ತಿದ್ದ ನೋಟವೇ. ಯಾವುದೋ ಅಡತಿ ಅಂಗಡಿ ಕುಸಿಯುತ್ತದೆ ಎಂದಾಗ ಬ್ಯಾಡಗಿಯ ರೈತರು ಜಗಳ ತೆಗೆಯುವುದಿಲ್ಲ. ಚಹಾ ಕುಡಿದು, ಮಕ್ಕಳ ಸುದ್ದಿ ಕೇಳಿ, ತಮ್ಮ ಚೀಲಗಳನ್ನು ಮೆಲ್ಲಗೆ ಎತ್ತಿ ಪಕ್ಕದ ಅಂಗಡಿಗೆ ಸಾಗಿಸುತ್ತಾರೆ. ಅವಳು ಊರಿಗೆ ಹೋಗುತ್ತಾಳೆ ಎಂಬ ನಂಬಿಕೆಗೆ ಈಗ ಮಾರುಕಟ್ಟೆಯಲ್ಲಿ ದರವೇ ಇರಲಿಲ್ಲ.

ಕೊನೆಗೆ ಬಂದವಳು ಪ್ರೇಮವ್ವಜ್ಜಿ. ಸೋಫಾದ ತುದಿಗೆ ಕೂತು, ಮೊಣಕಾಲ ಪಟ್ಟಿಯನ್ನು ಸೆರಗಿನಿಂದ ಒರೆಸಿದಳು.

"ನನ್ನ ತಂಗಿ ಮೆಟ್ಟಲಾ ಹತ್ತಾಕ ಒದ್ದಾಡಾಕತ್ಯಾಳ ನಮ್ಮವ್ವಾ. ಸಿಟ್ಟಾಗಬ್ಯಾಡ."

"ಸಿಟ್ಟ್ಯಾಕ ಅಜ್ಜಿ, ಒಯ್ರಿ."

"ನಿನ್ನ ಹುಡುಗ ಕಾಯ್ತಾನೇನು?"

"ಯಾಕ ಹಂಗ ಕೇಳ್ತೀರಿ?"

"ಮೊಣಕಾಲನ ಕಾಯವಲ್ದು ನೋಡು. ಅದಕ್ಕ ಕೇಳಿದೆ."

ಜಯದೇವಿ ನಕ್ಕಳು. ಅಜ್ಜಿ ನಗಲಿಲ್ಲ.

ಮರುದಿನ ಮುಂಜಾನೆ ಇಂದುಧರನಿಗೆ ಫೋನ್ ಮಾಡಿದಾಗ ಆತ 'ತೆರದೈತೇನು' ಎಂದು ಕೇಳಲಿಲ್ಲ. ಕೇಳದೇ ಇದ್ದದ್ದು ಅವಳಿಗೆ ಕೇಳಿದ್ದಕ್ಕಿಂತ ಕೆಟ್ಟದೆನಿಸಿತು.

"ಏನಾತು?"

"ಅವ್ವಗ ಯಾರೋ ಗದಗಿನ ಹುಡುಗಿ ಫೋಟೋ ಕೊಟ್ಟಾರ. ಲೆಕ್ಚರರ್ ಅಂತ."

"ನೀವು ನೋಡಿದ್ರೇನು?"

"ಟೀವಿ ಮ್ಯಾಲೆ ಇಟ್ಟಾಳ. ಟೀವಿ ನೋಡಿದ್ರ ಕಾಣಸ್ತೈತಿ."

"ಬ್ಯಾಡ ಅಂತ ಹೇಳಲಿಲ್ಲ?"

"ಏನಂತ ಹೇಳ್ಲಿ ಜಯಾ? ಕಂಪ್ಯೂಟರ್‌ದಾಗ ಬಾಗಲಾ ತೆರದಮ್ಯಾಲೆ ಮದುವಿ ಅಂತ ಹೇಳ್ಲೇನು? ಆಕಿಗೆ ಕಂಪ್ಯೂಟರ್ ತಿಳೀವಲ್ದು, ನನಗ ಬಾಗಲಾ ತಿಳೀವಲ್ದು."

ಜಯದೇವಿ ಫೋನ್ ಇಟ್ಟಳು. ಪುಟ ತೆಗೆದು ನೋಡಿದಳು. ಮತ್ತೆ ಪ್ರಯತ್ನಿಸಿ ಎಂದಿತು ಅದು. ಕಪಾಟಿನ ಬಾಗಿಲು ಈಗ ಸಲೀಸಾಗಿ ಮುಚ್ಚುತ್ತಿತ್ತು. ಒಳಗಿದ್ದದ್ದು ಅವಳ ಬಟ್ಟೆ ಮಾತ್ರ. ಇಷ್ಟು ತಿಂಗಳು ತಾನು ಕಾದದ್ದು ಯಾರ ಮರ್ಜಿಗೆ, ಕಾಯಿಸಿದ್ದು ಯಾರನ್ನು ಎಂದು ಅವಳು ಮೊದಲ ಸಲ ಬೇರೆ ಬೇರೆ ಮಾಡಿ ನೋಡಿದಳು. ಚೆನ್ನೈಯ ಕಚೇರಿಗೆ ಅವಳು ಕಾಯುತ್ತಿದ್ದಾಳೆಂದೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕುಂದಗೋಳದಲ್ಲಿ ಒಬ್ಬನಿಗೆ. ಅವನ ತಾಳ್ಮೆ ಈಗ ಟೀವಿಯ ಮೇಲೆ, ಆ ಫೋಟೋದ ಪಕ್ಕ ಕೂತಿತ್ತು.

ಆ ದಿನವೇ ಮ್ಯಾನೇಜರನ ಕೋಣೆಗೆ ಹೋದಳು. ಅವನು ಒಳ್ಳೆಯ ಮನುಷ್ಯ. ಎಲ್ಲ ಕೇಳಿಸಿಕೊಂಡು ತಲೆದೂಗಿದ. ಒಂದು ತಿಂಗಳ ರಜೆ ಕೊಡಬಲ್ಲೆ, ಮತ್ತೊಂದು ತಿಂಗಳು ಅಲ್ಲಿಂದಲೇ ಕೆಲಸ ಮಾಡು, ಆಮೇಲಿನದು ನನ್ನ ಕೈಯಲ್ಲಿಲ್ಲ ಎಂದ. ಅರವಿಂದನಿಗೂ ಹೀಗೇ ತಲೆದೂಗಿದ್ದನೋ ಏನೋ. ಊಟದ ಹೊತ್ತಿಗೆ ನವೆಂಬರಿನ ಟಿಕೆಟ್ ತೆಗೆದಳು.

ಮರುದಿನ ಮುಂಜಾನೆ ಮತ್ತೆ ಫೋನ್.

"ಟಿಕೆಟ್ ತಗೊಂಡೇನ್ರಿ. ನವೆಂಬರದಾಗ ಬರಾಕತ್ತೀನಿ."

"ಚೆನ್ನೈದ್ದು ದಿನಾ ಸಿಕ್ಕಿತು?"

"ಇಲ್ಲ. ದಿನಾ ಇಲ್ದನ ಬರಾಕತ್ತೀನಿ."

"ಹೊಳ್ಳಿ ಹೋಗಾಕ ಆಗದಿದ್ರ?"

"ನಿಮ್ಮ ದವಾಖಾನ್ಯಾಗ ಕೆಲಸ ಕೊಡ್ರಿ."

"ನಮ್ಮಲ್ಲಿ ಎಮ್ಮಿ ಒದೀತಾವ."

"ಒದಿಸಿಕೊಂಡು ರೂಢಿ ಆಗೇತಿ ನನಗ."

ಆತ ನಕ್ಕ. ಬಹಳ ದಿನಗಳ ಮೇಲೆ ನಕ್ಕದ್ದು. ಆದರೆ ಜಯದೇವಿ ನಗುವ ಹುಕಿಯಲ್ಲಿರಲಿಲ್ಲ.

"ನಿಮ್ಮ ಅವ್ವಗ ಈಗ ಹೇಳ್ರಿ. ನಾ ಫೋನ್ ಹಿಡಕೊಂಡಿರ್ತೀನಿ."

"ಈಗ? ರೊಟ್ಟಿ ಬಡ್ಯಾಕತ್ಯಾಳ."

"ಈಗನ. ಅದೇನು ವೀಸಾ ಕಚೇರಿ ಅಲ್ಲ, ನಿಮ್ಮ ಬಾಯಿ. ತೆರೀಬೇಕಂದ್ರ ತೆರೀತೈತಿ."

ಚಪ್ಪಲಿಯ ಸದ್ದು ಕೇಳಿಸಿತು. ಅವ್ವಾ ಎಂದು ಆತ ಕೂಗಿದ. ರೊಟ್ಟಿ ಬಡಿಯುವ ಸದ್ದು ನಿಂತಿತು. ಗದಗಿನವರಿಗೆ ಬ್ಯಾಡ ಅಂತ ಹೇಳಿಬಿಡು, ಜಯಾ ಬರತಾಳ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಏನೋ ಗೊಂದಲ, ಕೈಬದಲಾವಣೆ, ಹಿಟ್ಟಿನ ಕೈಯಲ್ಲಿ ಫೋನ್ ಹಿಡಿದ ಮುದುಕಿಯ ಉಸಿರು.

"ಖರೇನ ಬರ್ತೀಯೇನವ್ವಾ? ಮದುವಿ ಹಾಲ್‌ದವ್ರ ಮುಂದ ಒಮ್ಮೆ ಮಾರಿ ಸಣ್ಣದಾಗೇತಿ ನನ್ನದು."

"ಬರ್ತೀನ್ರಿ ಅತ್ತಿ."

"ಕೆಲಸ ಹೋದ್ರ?"

"ಹೋದ್ರ ಹೋಗ್ಲಿ ಅನ್ನೂ ಧೈರ್ಯ ನನಗಿಲ್ಲರಿ. ಅಂಜಿಕಿ ಐತಿ. ಆದ್ರೂ ಬರ್ತೀನಿ."

ಮುದುಕಿ ಒಂದು ಗಳಿಗೆ ತೂಗಿ ನೋಡಿದಂತಿತ್ತು. "ಅಂಜಿಕೊಂಡೂ ಬರಾಕತ್ತೀ ಅಂದ್ರ ಖರೇ ಇದ್ದೀತು," ಎಂದು ಫೋನನ್ನು ಮಗನ ಕೈಗೆ ಕೊಟ್ಟಳು.

"ಏನಂದ್ರು?" ಜಯದೇವಿ ಕೇಳಿದಳು.

"ಒಲಿ ಆರಿಸಿ ಸೀರಿ ಬದಲಾಸಾಕ ಹೋದ್ಲು. ಈಗಿಂದೀಗ ಹಾಲ್ ನೋಡಾಕ ಹೋಗಬೇಕಂತ. ನೀ ಫೋನ್ ಇಡು, ನಾ ಗಾಡಿ ತೆಗೀಬೇಕು."

ಹೇಳುವುದು ಇನ್ನೂ ಬಹಳ ಇತ್ತು. ಜಯದೇವಿ ಫೋನ್ ಇಟ್ಟಳು.