ಗಡಿಯಾರಕ್ಕೆಂದು ಬಿಟ್ಟ ಕಿಂಡಿ

ನಮ್ಮ ಹಳೆಯ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಗಂಟೆ ಹೊಡೆಯುವ ಮುದುಕರಿಗೆ ಎದುರುಬೀದಿಯ ದೊಡ್ಡ ಚರ್ಚನ್ನು ಕಂಡರೆ ಮೈಯೆಲ್ಲ ಉರಿ. ಕಟ್ಟಡ ನೋಡಲು ಬಂದವರನ್ನು ಮೊದಲು ಪಾದ್ರಿಗಳು ನಿಂತು ಬೋಧಿಸುವ ನಡುಮಧ್ಯದ ಪ್ರಸಂಗಪೀಠದ ಮುಂದೆ ನಿಲ್ಲಿಸುತ್ತಾರೆ. "ವಿಗ್ರಹ ಇಲ್ಲ, ಬಣ್ಣದ ಗಾಜಿಲ್ಲ. ನಮ್ಮೋರು ದೇವರ ಮಾತು ಕೇಳೋಕೆ ಬರ್ತಾರೆ, ಗೋಡೆ ನೋಡೋಕಲ್ಲ" ಎಂದು ಹೇಳಿ, ಆಮೇಲೆ ಮುಕ್ಕಾಲು ಗಂಟೆ ಗೋಡೆಯನ್ನೇ ತೋರಿಸುತ್ತಾರೆ. ಬಂದವರು ಕಿಟಕಿಯಾಚೆ ಕಣ್ಣು ಹಾಯಿಸಿದರೋ, ಮುಗಿಯಿತು. "ಅದಾ? ನಮಗಿಂತ ನಲವತ್ತು ವರ್ಷ ಚಿಕ್ಕದು. ಬರೀ ಒಣಜಂಭ." ಆ ಚರ್ಚಿನ ಗೋಪುರಕ್ಕೆ ಗಡಿಯಾರವಿದೆ, ನಮ್ಮದಕ್ಕೆ ದುಂಡನೆಯ ಕಿಂಡಿ ಮಾತ್ರ. ಕಲ್ಲುಕುಟಿಗರು ಗಡಿಯಾರಕ್ಕೆಂದೇ ಜಾಗ ಬಿಟ್ಟಿದ್ದರಂತೆ, ಅಂದಿನ ಸಭಾಹಿರಿಯರು ಅದು ಆಡಂಬರವೆಂದು ಮತ ಹಾಕಿ ತಳ್ಳಿಬಿಟ್ಟರಂತೆ. "ಒಂದೇ ಒಂದು ಮತದಲ್ಲಿ ಹೋಯ್ತು ನೋಡಿ" ಎಂದು, ನಿನ್ನೆ ತಾನೇ ನಡೆದಂತೆ ಹೊಟ್ಟೆ ಉರಿದುಕೊಳ್ಳುತ್ತಾರೆ. "ಅವರ ಗಡಿಯಾರ ಶುದ್ಧ ಸುಳ್ಳು, ನಂಬಬೇಡಿ" ಎಂಬುದು ದಿನಕ್ಕೆ ಹತ್ತು ಸಲದ ಮಾತು. ಕಳೆದ ಭಾನುವಾರ ಹತ್ತು ದಾಟಿದರೂ ಆರಾಧನೆಯ ಗಂಟೆಯ ಸದ್ದೇ ಇಲ್ಲ. ಪಾದ್ರಿಗಳು ಪೀಠದ ಮೆಟ್ಟಿಲ ಬಳಿ ಕೆಮ್ಮುತ್ತ ನಿಂತಿದ್ದರು. ಮುದುಕರಿಗೆ ಏನಾಯಿತೋ ಎಂದು ನಾನು ಗೋಪುರ ಹತ್ತಿದೆ. ಅವರು ಒಂದು ಕೈಯಲ್ಲಿ ಹಗ್ಗ ಹಿಡಿದು, ಆ ಕಿಂಡಿಗೆ ಮುಖ ಒಡ್ಡಿ ನಿಂತಿದ್ದರು. ಗಲ್ಲ ಊರುವ ಜಾಗದಲ್ಲಿ ಕಲ್ಲು ಸವೆದು ನುಣ್ಣಗಾಗಿತ್ತು. ಎದುರಿನ ಗಡಿಯಾರ ಹತ್ತಕ್ಕೆ ಐದು ನಿಮಿಷವಿರುವಾಗಲೇ ಕೆಟ್ಟು ನಿಂತಿತ್ತು. "ಹೊತ್ತಾಯ್ತು, ಹೊಡೀರಿ" ಎಂದೆ. ವಾಚು ಕಟ್ಟಿದ್ದ ಕೈಯನ್ನೇ ಅಡ್ಡ ಹಿಡಿದು ನನ್ನನ್ನು ತಡೆದರು: "ಸ್ವಲ್ಪ ತಡೀರಿ, ಅವರದ್ರಲ್ಲಿ ಇನ್ನೂ ಹತ್ತಾಗಿಲ್ಲ."