ನಮ್ಮಣ್ಣನೂ ಆ ಹಾಳು ಫೋನ್ ಬಿಲ್ಲೂ

ನಮ್ಮಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ತುಕ್ಕು ಹಿಡಿದ ರಿಮ್ಮಿಗೆ ಕಚ್ಚಿಕೊಂಡ ಲಾರಿ ಟೈರು ಅವನ ಸುತ್ತಿಗೆಯ ನಾಲ್ಕೇ ಏಟಿಗೆ ಬಿಟ್ಟುಕೊಳ್ಳುತ್ತಿತ್ತು. ಬೀದಿಯವರು ಅವನಿಗಿಟ್ಟ ಹೆಸರೇ ಸುತ್ತಿಗೆ. ಆ ಕೈ ಟೈರಿನ ಮೇಲಷ್ಟೇ ಬಿದ್ದಿದ್ದರೆ ನಾನು ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ. ನಮ್ಮ ಪಂಕ್ಚರ್ ಅಂಗಡಿಯ ಮುಂದೆ ಒಬ್ಬ ಡ್ರೈವರು ನನ್ನ ಬಗ್ಗೆ ಹೊಲಸು ಮಾತಾಡಿದ ಅಂತ ಅವನ ದವಡೆಯನ್ನೇ ಮುರಿದ. ಕೋರ್ಟು ಎರಡು ವರ್ಷ ಶಿಕ್ಷೆ ಹೇಳಿ, ಅದನ್ನು ತಡೆಹಿಡಿದು, ಒಂದು ವರ್ಷಕ್ಕೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಆ ವರ್ಷದೊಳಗೆ ಯಾರಿಗಾದರೂ ಹೊಡೆದರೆ ನೇರ ಜೈಲು.

ಅತ್ತಿಗೆ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮಗಳಿಗೀಗ ಹನ್ನೊಂದು ವರ್ಷ. ಅಪ್ಪನನ್ನು ಪೊಲೀಸರು ಕಾಲರ್ ಹಿಡಿದು ಎಳೆದೊಯ್ದದ್ದನ್ನು ಕಣ್ಣಾರೆ ಕಂಡು, ಅವನು ಮನೆಗೆ ಬಂದ ಮೇಲೂ ಹದಿನೈದು ದಿನ ಮಾತು ಬಿಟ್ಟಿದ್ದಳು. ಅಣ್ಣ ಅವಳ ತಲೆ ಮುಟ್ಟಿ, "ನಿನ್ನಾಣೆ ಪುಟ್ಟಿ, ಇನ್ಮೇಲೆ ಯಾರ ಮೇಲೂ ಕೈ ಎತ್ತಲ್ಲ" ಅಂದ. ಎತ್ತಲೂ ಇಲ್ಲ. ಕೋಪ ಬಂದಾಗ ಹೋಗಿ ಹಳೇ ಟೈರಿಗೆ ಬಾರಿಸುತ್ತಿದ್ದ.

ಅಂಥ ಹೊತ್ತಲ್ಲಿ ವಕ್ಕರಿಸಿತು ಆ ಬಿಲ್ಲು. ಅಂಗಡಿಯ ಫೋನನ್ನು ನಾವು ಕಂಪನಿಗೆ ವಾಪಸ್ ಕೊಟ್ಟು ಎರಡು ವರ್ಷವಾಗಿತ್ತು. ಅವರು ನಂಬರನ್ನು ಇನ್ಯಾರಿಗೋ ಕೊಟ್ಟು, ಹೆಸರು ವಿಳಾಸ ಮಾತ್ರ ನಮ್ಮದೇ ಉಳಿಸಿಕೊಂಡಿದ್ದರು. ಆ ಪುಣ್ಯಾತ್ಮ ಯಾವುದೋ ದೇಶಕ್ಕೆ ಗಂಟೆಗಟ್ಟಲೆ ಹರಟಿದ್ದಾನೆ, ಬಿಲ್ಲು ನಮ್ಮ ತಲೆಗೆ! ಅಣ್ಣ ಫೋನ್ ವಾಪಸ್ ಕೊಟ್ಟದ್ದರ ರಸೀದಿ ಹಿಡಿದು ಕಂಪನಿ ಆಫೀಸಿಗೆ ಚಪ್ಪಲಿ ಸವೆಯುವಷ್ಟು ಅಲೆದ. ಐದು ಅರ್ಜಿ ಬರೆದುಕೊಟ್ಟ. ಕೌಂಟರಿನವಳು ತಲೆಯೆತ್ತದೆ, "ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರೇ ಇದೆಯಲ್ರೀ" ಅನ್ನುತ್ತಿದ್ದಳು. ಅರ್ಜಿಗಳನ್ನು ಯಾರೂ ಓದುವ ಮೊದಲೇ ಬಾಕಿಯನ್ನು ವಸೂಲಿ ಏಜೆನ್ಸಿಗೆ ದಾಟಿಸಿಬಿಟ್ಟರು.

ಬಂದವರು ಇಬ್ಬರು, ಒಬ್ಬ ದಡಿಯ, ಇನ್ನೊಬ್ಬ ಫೈಲು ಹಿಡಿದ ನರಪೇತಲ. ಮೊದಲ ಸಲ ಅಣ್ಣ ರಸೀದಿ ತೋರಿಸಿದ. ದಡಿಯ ಅದರಲ್ಲೇ ಅವನ ಮುಖಕ್ಕೆ ತಟ್ಟಿ ನಕ್ಕ. ಎರಡನೇ ಸಲ ಗಾಳಿ ತುಂಬುವ ಕಂಪ್ರೆಸರನ್ನು ಒದ್ದು ಕೆಡವಿದರು. ಮುಚ್ಚಳಿಕೆಯ ವಿಷಯ ಬೀದಿಗೆಲ್ಲ ಗೊತ್ತಿತ್ತು, ಅವರ ಕಿವಿಗೂ ಬಿದ್ದಿತ್ತು. ಇವನು ತಿರುಗಿ ಹೊಡೆಯಲ್ಲ ಅನ್ನೋ ಧೈರ್ಯ ಆ ಹೇಡಿಗಳಿಗೆ.

ಮೂರನೇ ಸಲ ಬಂದಾಗ ವರ್ಷ ತುಂಬಲು ಹತ್ತೊಂಬತ್ತು ದಿನವಿತ್ತು. ಮಟಮಟ ಮಧ್ಯಾಹ್ನ, ಪುಟ್ಟಿ ಶಾಲೆಗೆ ಹೋಗಿದ್ದಳು. ದಡಿಯ ಬಂದವನೇ ಅಣ್ಣನ ಹೊಟ್ಟೆಗೆ ಗುದ್ದಿದ. ಬಗ್ಗಿದವನ ಬೆನ್ನಿಗೆ ಮೊಣಕೈಯಿಂದ, ಮೂಗಿಗೆ ಮುಷ್ಟಿಯಿಂದ ಹಾಕಿದ.

"ಎಲ್ಲೋ ನಿನ್ನ ಸುತ್ತಿಗೆ? ಹೊಡಿ ನೋಡೋಣ!"

ಅಣ್ಣ ಎರಡೂ ಕೈ ಹಿಂದೆ ಕಟ್ಟಿಕೊಂಡ. ಮೂಗಿನಿಂದ ರಕ್ತ ಸುರಿಯುತ್ತಿತ್ತು. "ಬಿಲ್ಲು ನಂದಲ್ಲ ಸ್ವಾಮಿ" ಅಂತ ಅದನ್ನೇ ಹೇಳುತ್ತಿದ್ದ. ದಡಿಯ ಅವನ ತಲೆಗೂದಲು ಹಿಡಿದು, ಟ್ಯೂಬು ಮುಳುಗಿಸಿ ತೂತು ಹುಡುಕುವ ನೀರಿನ ತೊಟ್ಟಿಗೆ ಮುಖ ಅದುಮಿದ. ಗುಳ್ಳೆ ಎದ್ದವು. ಆಗಲೂ ನಮ್ಮಣ್ಣ ಕೈ ಬಿಚ್ಚಲಿಲ್ಲ.

ನಾನು ಅಲ್ಲೇ ಮೂಲೆಯಲ್ಲಿ ಪ್ಯಾಚ್ ಹಾಕಲು ಟ್ಯೂಬು ಉಜ್ಜುತ್ತಿದ್ದವಳು ಎದ್ದೆ, ಟೈರು ಬಿಚ್ಚುವ ಕಬ್ಬಿಣದ ಲಿವರ್ ಎತ್ತಿಕೊಂಡೆ, ಹಿಂದಿನಿಂದ ದಡಿಯನ ಕಿವಿಯ ಮೇಲೆ ಬೀಸಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಬಿದ್ದವನ ಭುಜಕ್ಕೆ ಇನ್ನೊಂದು, ಮೊಣಕಾಲಿಗೆ ಮತ್ತೊಂದು. ಸುಳ್ಳು ಯಾಕೆ, ಹಾಯೆನಿಸಿತು. ನರಪೇತಲ ಫೈಲು ಬಿಸಾಕಿ ಕಾಲಿಗೆ ಬುದ್ಧಿ ಹೇಳಿದ.

ಅಣ್ಣ ಕೆಮ್ಮುತ್ತಾ ಎದ್ದು ಲಿವರನ್ನು ನನ್ನ ಕೈಯಿಂದ ಕಿತ್ತುಕೊಂಡ.

"ನೀನು ಒಳಗೆ ಹೋಗು. ಹೊಡೆದದ್ದು ನಾನು."

"ತಲೆ ಕೆಟ್ಟಿದ್ಯಾ ಅಣ್ಣ? ನಿಂಗೆ ಇನ್ನು ಹತ್ತೊಂಬತ್ತೇ ದಿನ!"

"ಬಾಯ್ಮುಚ್ಚು. ಇವತ್ತೋ ನಾಳೆಯೋ ಪುಟ್ಟಿ ಮೈನೆರೀತಾಳೆ. ನನ್ನ ಹತ್ರ ಏನಂತ ಹೇಳ್ಕೋತಾಳೆ? ಮನೇಲಿ ನೀನಿರ್ಬೇಕು. ಅವಳಿಗೂ ಹೇಳ್ಬೇಡ, ಬಾಯ್ಬಿಟ್ಟುಬಿಡ್ತಾಳೆ."

ನಾನು ಸುಮ್ಮನಿರುವ ಪೈಕಿಯೇ? ಅಣ್ಣನನ್ನು ಪೊಲೀಸರು ಒಯ್ದ ಸಂಜೆಯೇ ಸ್ಟೇಷನ್ನಿಗೆ ಹೋಗಿ ಹೊಡೆದದ್ದು ನಾನು ಅಂದೆ. ಇನ್ಸ್‌ಪೆಕ್ಟರು ನಕ್ಕು, "ಅಣ್ಣನ್ನ ಉಳಿಸ್ಕೊಳ್ಳೋ ಆಸೆ ಇರುತ್ತಮ್ಮ. ಆದ್ರೆ ಇದು ಯಾರ ಕೈ ಅಂತ ನಮಗೆ ಗೊತ್ತಿಲ್ವಾ?" ಅಂದರು. ನರಪೇತಲನೂ ಸುತ್ತಿಗೆಯೇ ಹೊಡೆದದ್ದು ಅಂತ ಬರೆಸಿದ್ದ. ಹೆಂಗಸಿನ ಕೈಯಲ್ಲಿ ಏಟು ತಿಂದೆವು ಅಂತ ಯಾವ ವಸೂಲಿಗಾರ ಒಪ್ಪಿಕೊಳ್ಳುತ್ತಾನೆ?

ಅಣ್ಣ ಒಳಗೆ ಹೋದ. ತಿಂಗಳ ಮೇಲೆ ಕಂಪನಿಯ ಕಾಗದ ಬಂತು. ಬಿಲ್ಲು ತಪ್ಪಾಗಿದೆಯಂತೆ, ರದ್ದು ಮಾಡಿದ್ದಾರಂತೆ, ಆದ ತೊಂದರೆಗೆ ವಿಷಾದವಂತೆ. ಹರಿದು ಒಲೆಗೆ ಹಾಕಿದೆ.

ಪುಟ್ಟಿ ಜೈಲಿನ ಕಡೆ ತಲೆ ಹಾಕಲಿಲ್ಲ. ಭಾನುವಾರ ಭಾನುವಾರ ನಾನು ಹೋಗುವಾಗ ಕರೆದರೆ, "ನನ್ನಾಣೆ ಇಟ್ಟೂ ಹೊಡೆದ. ನಾನು ಸತ್ರೂ ಅಪ್ಪಂಗೆ ಪರವಾಗಿಲ್ಲ" ಅಂದಳು. ಅವಳಿಗೆ ಹೇಳಬೇಡ ಅಂದ ಅಣ್ಣನ ಮಾತು ಹಾಳಾಗಿ ಹೋಗಲಿ!

"ಅಪ್ಪ ಹೊಡೀಲಿಲ್ಲ ಕಣೇ. ನೀರಲ್ಲಿ ಉಸಿರು ಕಟ್ಟಿದ್ರೂ ಕೈ ಎತ್ಲಿಲ್ಲ. ಹೊಡೆದದ್ದು ನಾನು."

"ನೀನಾ ಅತ್ತೆ?"

"ಹೂಂ."

ಪುಟ್ಟಿ ಒಮ್ಮೆಗೇ ನನ್ನ ಮೇಲೆ ಬಿದ್ದಳು. ಎದೆಗೆ, ಹೊಟ್ಟೆಗೆ, ಮುಖಕ್ಕೆ, ಮುಷ್ಟಿ ಕಟ್ಟಿ ಗುದ್ದಿದಳು. ನನ್ನ ತುಟಿ ಒಡೆಯಿತು. ಅವಳ ಕೈ ಅಪ್ಪನದೇ. ನಾನು ಅಡ್ಡ ಹಿಡಿಯಲಿಲ್ಲ, ಹೊಡೆಯಲಿ ಅಂತ ನಿಂತೆ.

ಸುಸ್ತಾದ ಮೇಲೆ ನೆಲಕ್ಕೆ ಕೂತು ಬಿಕ್ಕಿದಳು. ಆಮೇಲೆ ಮೂಗು ಒರೆಸಿಕೊಂಡು, "ಭಾನುವಾರ ನಾನೂ ಬರ್ತೀನಿ" ಅಂದಳು.